ಇಪ್ಪತ್ತೈದು ಚೌಕ, ನಾಲ್ಕು ಹಿಕ್ಕೆ

ಎರಡು ಸಾವಿರದ ಇಪ್ಪತ್ತೈದನೇ ಇಸವಿ ಜನವರಿ ಹನ್ನೆರಡು, ಭಾನುವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಚಿಕ್ಕರಾಜು ಎಮ್ಮೆಗುಂಡಿ ಕಾವಲಿನ ಹುಲ್ಲುಬಯಲಿನಲ್ಲಿ ಮಂಡಿಯೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ, ನಾಲ್ಕು ಹಿಕ್ಕೆಗಳನ್ನು ಎಣಿಸಿದ. ಖಾತ್ರಿಯಾಗಲೆಂದು ಇನ್ನೊಮ್ಮೆ ಎಣಿಸಿದ. ಆಗಲೂ ನಾಲ್ಕೇ ಇದ್ದವು.

ಸಂರಕ್ಷಣಾ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದ ಇಪ್ಪತ್ನಾಲ್ಕರ ಯುವಕನೊಬ್ಬ ಮಾಗಿಯ ಚಳಿಯಲ್ಲಿ ಹೀಗೆ ಬಗ್ಗಿದ್ದಕ್ಕೆ ಕಾರಣವಿತ್ತು. ಕಾವಲಿನಲ್ಲಿ ಎಷ್ಟು ಕೃಷ್ಣಮೃಗಗಳಿವೆ ಎಂದು ಕಂಡುಹಿಡಿಯುವುದು ಅವನ ಪ್ರಬಂಧದ ವಿಷಯ. ಮೃಗಗಳು ಎಣಿಸಲು ನಿಲ್ಲುವುದಿಲ್ಲ; ಹಿಕ್ಕೆಗಳು ನಿಲ್ಲುತ್ತವೆ. ಆದ್ದರಿಂದ ಅವನು ಕಾವಲಿನ ಉದ್ದಗಲಕ್ಕೂ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಇಪ್ಪತ್ತೈದು ಚೌಕಗಳನ್ನು ಗುರುತಿಸಿ, ಮುಳ್ಳು, ಕಲ್ಲು, ಹಳೆಯ ಹಿಕ್ಕೆ ಎಲ್ಲವನ್ನೂ ಗುಡಿಸಿ, ನಾಲ್ಕು ಮೂಲೆಗೂ ಗೂಟ ಹೊಡೆದು, ಮೂವತ್ತು ದಿನ ಕಾದಿದ್ದ. ಮೂವತ್ತು ದಿನದಲ್ಲಿ ಬಿದ್ದ ಹಿಕ್ಕೆಗಳನ್ನು ಎಣಿಸಿ, ಅವನ ಗೈಡ್ ಡಾಕ್ಟರ್ ರಾಧಾಮಣಿ ಮೇಡಂ ಕೊಟ್ಟ ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ. ಸೂತ್ರ ನೋಡಲು ಭಯಂಕರವಾಗಿತ್ತು. ಹೊಡೆದುಹಾಕುವುದನ್ನೆಲ್ಲ ಹೊಡೆದುಹಾಕಿದರೆ ಉಳಿಯುತ್ತಿದ್ದುದು ಇಷ್ಟೇ: ಹಿಕ್ಕೆಗಳ ಸಂಖ್ಯೆಯನ್ನು ಐದರಿಂದ ಗುಣಿಸಿ ಆರರಿಂದ ಭಾಗಿಸಿದರೆ ಚದರ ಕಿಲೋಮೀಟರಿಗೆ ಎಷ್ಟು ಮೃಗ ಎಂಬುದು.

ಅವನು ನಿಂತಲ್ಲೇ ಮೇಡಂಗೆ ಫೋನು ಮಾಡಿದ.

"ನಾಲ್ಕಾ?" ಎಂದರು ಮೇಡಂ. "ಒಂದು ಚೌಕಕ್ಕೆ?"

"ಇಲ್ಲ ಮೇಡಂ. ಇಪ್ಪತ್ತೈದಕ್ಕೂ ಸೇರಿ."

"ನಾಲ್ಕು ಹಿಕ್ಕೆ ಇಟ್ಟುಕೊಂಡು ಪ್ರಬಂಧ ಬರೆಯೋಕಾಗಲ್ಲ ಚಿಕ್ಕರಾಜು. ಸ್ಯಾಂಪಲ್ ಸಾಲದು. ಮುಂದಿನ ತಿಂಗಳು ನೋಡೋಣ. ಅಂದಹಾಗೆ, ಅವು ಕುರಿಯವಲ್ಲ ತಾನೆ?"

ಚಿಕ್ಕರಾಜು ನಕ್ಕ. ಈ ನಗುವಿನ ಹಿಂದಿನ ಸಂಗತಿಯನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಒಂದೂವರೆ ವರ್ಷದ ಹಿಂದೆ ಪ್ರವೇಶದ ಸಂದರ್ಶನದಲ್ಲಿ, "ನಿಮ್ಮ ವಿಶೇಷ ಅರ್ಹತೆ ಏನು?" ಎಂದು ಕೇಳಿದಾಗ ಅವನು ಎದೆಯುಬ್ಬಿಸಿ, "ನಾವು ತಲೆತಲಾಂತರದಿಂದ ಕುರಿ ಕಾಯುವವರು ಸಾರ್. ಹಿಕ್ಕೆ ನೋಡಿದರೆ ಸಾಕು, ಯಾವ ಪ್ರಾಣಿ ಅಂತ ಹೇಳ್ತೀನಿ" ಎಂದಿದ್ದ. ಸಂದರ್ಶಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ಥಳೀಯ ಜ್ಞಾನಕ್ಕೆಂದು ಇಟ್ಟಿದ್ದ ಹತ್ತಕ್ಕೆ ಹತ್ತು ಅಂಕವನ್ನೂ ಕೊಟ್ಟಿದ್ದರು. ತಲೆತಲಾಂತರದಿಂದ ಕುರಿ ಕಾಯುವವರು ಎಂಬುದು ಸತ್ಯ. ಆದರೆ ಚಿಕ್ಕರಾಜುವಿನ ತಲೆ ಬಂದಾಗ ಅವನ ಅವ್ವ ಆ ತಲೆಗೆ ಕುರಿಯ ವಾಸನೆ ತಾಗಬಾರದೆಂದು ಆರನೇ ವಯಸ್ಸಿಗೇ ಮಧುಗಿರಿಯ ಹಾಸ್ಟೆಲಿಗೆ ಸೇರಿಸಿದ್ದಳು. ಅಲ್ಲಿಂದೀಚೆಗೆ ಅವನಿಗೂ ಕುರಿಗೂ ಇದ್ದ ಸಂಬಂಧ ಹಬ್ಬದ ದಿನ ತಟ್ಟೆಯಲ್ಲಿ ಮಾತ್ರ.

"ಮೇಡಂ, ನಾನು ಕುರಿ ಮನೆಯಲ್ಲಿ ಹುಟ್ಟಿದವನು," ಎಂದ ಚಿಕ್ಕರಾಜು.

ಅದೂ ಸತ್ಯವೇ.

ಅಂದು ಸಂಜೆ ಹಟ್ಟಿಯಲ್ಲಿ ಅವನು ಕಂಬಕ್ಕೊರಗಿ ಕೂತಿದ್ದಾಗ ಸೋದರಮಾವ ಮುದ್ದಪ್ಪ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದ. ಮುದ್ದಪ್ಪನಿಗೆ ಐವತ್ತೆರಡು ವರ್ಷ, ಎಂಬತ್ತು ಕುರಿ, ಒಬ್ಬನೇ ಅಳಿಯ. ಮೂರರಲ್ಲಿ ಯಾವುದರ ಮೇಲೆ ಪ್ರೀತಿ ಹೆಚ್ಚು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

"ಯಾಕ್ಲಾ, ಮುಖ ಬೇಯ್ಸಿದ್ ಸೊಪ್ಪಾದಂಗೈತೆ?"

"ಹಿಕ್ಕೆ ಸಾಲ್ದು ಮಾವ."

"ಏನ್ ಸಾಲ್ದು?"

"ಹಿಕ್ಕೆ. ಇಪ್ಪತ್ತೈದ್ ಚೌಕಕ್ಕೆ ನಾಕೇ ನಾಕು. ಇಂಗೇ ಆದ್ರೆ ನನ್ ಡಿಗ್ರಿ ಆಗಲ್ಲ."

ಮಳೆ ಸಾಲದೆಂದು ಅತ್ತವರನ್ನು ಮುದ್ದಪ್ಪ ನೋಡಿದ್ದ. ಮೇವು ಸಾಲದೆಂದು ತಾನೇ ಅತ್ತಿದ್ದ. ಹಿಕ್ಕೆ ಸಾಲದೆಂದು ಮುಖ ಸಣ್ಣ ಮಾಡಿಕೊಂಡು ಕೂತವರನ್ನು ಕಂಡದ್ದು ಇದೇ ಮೊದಲು. ಅದೂ ಎಂಬತ್ತು ಕುರಿಗಳ ಒಡೆಯನ ಅಳಿಯ!

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ಆ ಸೀಮೆಯಲ್ಲಿ ಹೊಲಕ್ಕೆ ಗೊಬ್ಬರ ಬೇಕಾದವರು ಕುರಿಯವರನ್ನು ಕರೆದು ತಮ್ಮ ಹೊಲದಲ್ಲಿ ಮಂದೆ ತರುಬಿಸುತ್ತಾರೆ. ಕುರಿಗಳು ಒಂದೆರಡು ರಾತ್ರಿ ಅಲ್ಲೇ ಮಲಗುತ್ತವೆ, ಬೆಳಗಾಗುವಷ್ಟರಲ್ಲಿ ಹೊಲವೆಲ್ಲ ಕಪ್ಪು ಮಣಿ ಚೆಲ್ಲಿದಂತಾಗುತ್ತದೆ, ಹೊಲದವರು ಕುರಿಯವರಿಗೆ ಊಟ ಹಾಕಿ ರಾಗಿ ಕೊಟ್ಟು ಕಳಿಸುತ್ತಾರೆ. ಮಂದೆ ಬೇಕೆನ್ನುವವರು ಮೊದಲು ಮಾಡುವ ಕೆಲಸವೆಂದರೆ ಜಾಗದ ಕಲ್ಲುಮುಳ್ಳು ಗುಡಿಸಿ, ಮೂಲೆಗೆ ಗೂಟ ಹೊಡೆಯುವುದು.

ಚಿಕ್ಕರಾಜು ಮಾಡಿದ್ದೂ ಅದನ್ನೇ. ಅದೂ ಒಂದು ಕಡೆಯಲ್ಲ, ಇಪ್ಪತ್ತೈದು ಕಡೆ.

"ಅವ್ವಾ," ಎಂದ ಮುದ್ದಪ್ಪ ಒಳಗೆ ಹೋಗಿ, ಒಲೆಯ ಮುಂದೆ ಕೂತಿದ್ದ ತಾಯಿ ಗಿರಿಯಮ್ಮನ ಕಿವಿಯ ಹತ್ತಿರ. "ಹುಡ್ಗ ಒಂದ್ ತಿಂಗ್ಳಿಂದ ಜಾಗ ಹಸನು ಮಾಡಿ ಗೂಟ ಹೊಡ್ಕಂಡ್ ಕೂತವ್ನೆ. ಬಾಯ್ಬುಟ್ಟು ಕೇಳಕ್ಕೆ ನಾಚ್ಕೆ. ನನ್ ಕಣ್ಣಿಗೆ ಬೀಳ್ಲಿಲ್ಲ ನೋಡು."

"ಓದ್ದೋನು ಎಲ್ ಕೇಳ್ತಾನೆ, ನೀನೇ ಅರ್ತ ಮಾಡ್ಕಬೇಕು," ಎಂದಳು ಗಿರಿಯಮ್ಮ ರೊಟ್ಟಿ ತಿರುವಿ ಹಾಕುತ್ತ.

ಹೀಗೆ ಒಂದು ಕುಟುಂಬ ತನ್ನ ಮಗನನ್ನು ಅರ್ಥ ಮಾಡಿಕೊಂಡಿತು.

ಚಿಕ್ಕರಾಜು ಎಣಿಸಿದ ಚೌಕಗಳನ್ನು ಮತ್ತೆ ಗುಡಿಸಿ ಊರು ಬಿಟ್ಟ. ಫೆಬ್ರವರಿ ಹನ್ನೊಂದಕ್ಕೆ ಮರಳಿ ಬಂದು ನೋಡಿದರೆ ಐದು ಚೌಕಗಳಲ್ಲಿ ಹಿಕ್ಕೆಯೋ ಹಿಕ್ಕೆ. ತೊಂಬತ್ತೆಂಟು, ನೂರ ನಾಲ್ಕು, ತೊಂಬತ್ತೊಂದು, ನೂರ ಹನ್ನೆರಡು, ಎಂಬತ್ತೇಳು. ಒಟ್ಟು ನಾನೂರ ತೊಂಬತ್ತೆರಡು. ಅವನು ಪ್ರತಿಯೊಂದನ್ನೂ ಚಿಮಟದಲ್ಲಿ ಎತ್ತಿ ಗಾಜಿನ ಸೀಸೆಗಳಿಗೆ ತುಂಬಿದ. ಅಂದಿನ ಟಿಪ್ಪಣಿ ಪುಸ್ತಕ ಈಗಲೂ ಇದೆ. ಅದರಲ್ಲಿ ಅವನ ದುಂಡಗಿನ ಅಕ್ಷರದಲ್ಲಿ ಹೀಗಿದೆ: "ಗೊರಸಿನ ಗುರುತು ಹೇರಳ. ಹನ್ನೊಂದನೇ ಚೌಕದಲ್ಲಿ ಉಣ್ಣೆಯ ಎಳೆ, ಗಾಳಿಗೆ ಬಂದಿರಬೇಕು. ಹದಿನಾಲ್ಕನೇ ಚೌಕದಲ್ಲಿ ಮೋಟು ಬೀಡಿ ಮೂರು. ಮಾನವ ಹಸ್ತಕ್ಷೇಪ: ಅಲ್ಪ."

ನಾನೂರ ತೊಂಬತ್ತೆರಡನ್ನು ಐದರಿಂದ ಗುಣಿಸಿ ಆರರಿಂದ ಭಾಗಿಸಿದರೆ ನಾನೂರ ಹತ್ತು. ಕಾವಲಿನ ವಿಸ್ತೀರ್ಣ ಮೂರು ಚದರ ಕಿಲೋಮೀಟರು. ಅಂದರೆ ಎಮ್ಮೆಗುಂಡಿ ಕಾವಲಿನಲ್ಲಿ ಒಂದು ಸಾವಿರದ ಇನ್ನೂರ ಮೂವತ್ತು ಕೃಷ್ಣಮೃಗಗಳಿರಬೇಕು. ಎರಡು ತಿಂಗಳಲ್ಲಿ ಅವನು ಕಣ್ಣಾರೆ ಕಂಡದ್ದು ಹನ್ನೊಂದು, ಅವುಗಳಲ್ಲಿ ಆರರದು ಬಾಲ ಮಾತ್ರ. ಉಳಿದ ಸಾವಿರದ ಇನ್ನೂರ ಹತ್ತೊಂಬತ್ತು ಎಲ್ಲಿ ಎಂಬ ಪ್ರಶ್ನೆ ಅವನಿಗೂ ಬಂತು. "ಸಂಕೋಚ ಸ್ವಭಾವದ ಪ್ರಾಣಿ" ಎಂದು ಬರೆದುಕೊಂಡ.

ಮಧ್ಯಂತರ ವರದಿಯನ್ನು ಮುದ್ರಿಸಲು ಅವನು ಹೋದದ್ದು ಸಿರಾದ ಬಸ್ ನಿಲ್ದಾಣದ ಎದುರಿನ ಅಸ್ಲಂ ಜೆರಾಕ್ಸ್ ಅಂಗಡಿಗೆ. ಅಸ್ಲಂ ಒಳ್ಳೆಯವನು, ಸ್ಪೈರಲ್ ಬೈಂಡಿಂಗ್ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಜೊತೆಗೆ 'ಬಯಲು ಬೆಳಕು' ಎಂಬ ವಾಟ್ಸಾಪ್ ಸುದ್ದಿಪತ್ರಿಕೆಯ ಸಂಪಾದಕ, ವರದಿಗಾರ, ಛಾಯಾಗ್ರಾಹಕ ಎಲ್ಲವೂ ಅವನೇ. ಪುಟ ಜೋಡಿಸುತ್ತ ಜೋಡಿಸುತ್ತ ಅವನ ಕೈ ನಿಂತಿತು.

"ಅರೆ ಭಾಯ್, ಬಾರಾ ಸೌ ತೀಸ್! ನಮ್ ಪಕ್ಕದಲ್ಲೇ? ಕಮಾಲ್ ಮಾಡಿದೀರ!"

"ಇನ್ನೂ ಅಂತಿಮ ಅಲ್ಲ ಅಸ್ಲಂ ಭಾಯ್."

"ಸುದ್ದಿನೂ ಅಂತಿಮ ಅಲ್ಲ ಬಿಡಿ," ಎಂದ ಅಸ್ಲಂ, ಮೊದಲ ಪುಟದ ಫೋಟೋ ಹೊಡೆದುಕೊಳ್ಳುತ್ತ.

ಚಿಕ್ಕರಾಜು ಮಧುಗಿರಿ ಬಸ್ಸು ಇಳಿಯುವಷ್ಟರಲ್ಲಿ ನಾಲ್ಕು ತಾಲ್ಲೂಕಿಗೂ ಸುದ್ದಿ ಮುಟ್ಟಿತ್ತು. 'ಎಮ್ಮೆಗುಂಡಿ ಕಾವಲಿನಲ್ಲಿ 1230 ಕೃಷ್ಣಮೃಗ: ಕುರಿಗಾಹಿ ಕುಡಿಯ ಮಹಾಶೋಧ.'

ಪರಿಣಾಮಗಳನ್ನು ಬಂದ ಕ್ರಮದಲ್ಲೇ ಹೇಳುವುದು ಒಳ್ಳೆಯದು. ಮೊದಲು ಬಂದವನು ಕಾವಲಿನ ಅಂಚಿನ ರೈತ ಚನ್ನಮಲ್ಲಯ್ಯ. ಹತ್ತು ವರ್ಷದಿಂದ ಜಿಂಕೆಯ ಮುಖ ಕಂಡಿಲ್ಲವೆಂದು ಚಿಕ್ಕರಾಜುವಿನ ಪ್ರಶ್ನಾವಳಿಯಲ್ಲಿ ಹೆಬ್ಬೆಟ್ಟು ಒತ್ತಿದ್ದವನು ಇವನೇ.

"ನನ್ ತೊಗ್ರಿ ಪೂರಾ ತಿಂದಾಕ್ಬುಟ್ವು ಕಣಪ್ಪಾ. ಸಾವ್ರದಿನ್ನೂರು ಬಂದ್ರೆ ಇನ್ನೇನ್ ಉಳೀತದೆ?"

"ನಿಮ್ ತೊಗರಿ ಹೋದ ತಿಂಗಳೇ ಚೀಲ ಕಟ್ಟಿ ಮಂಡಿಗೆ ಹೋಯ್ತಲ್ಲ?"

"ಅದುನ್ನೂ ತಿಂತಿದ್ವು, ಹೋಗ್ದಿದ್ರೆ! ನೀನು ಬರ್ದುಕೊಡು, ಪರಿಹಾರಕ್ಕೆ ಅರ್ಜಿ ಹಾಕ್ಬೇಕು."

ಆಮೇಲೆ ಪಂಚಾಯಿತಿ ಅಧ್ಯಕ್ಷೆ ಶಿವರುದ್ರಮ್ಮ ಬಂದು, ಊರ ಬಾಗಿಲಲ್ಲಿ ಜಿಂಕೆಯ ಸಿಮೆಂಟಿನ ಬೊಂಬೆ ಮಾಡಿಸುವುದಾಗಿಯೂ ಅದರ ಕೊಂಬು ಎಷ್ಟು ಸುತ್ತು ಇರಬೇಕೆಂದು ತಿಳಿಸಬೇಕಾಗಿಯೂ ಹೇಳಿದಳು. ಶುಕ್ರವಾರ ಗೊರವನಹಳ್ಳಿಗೆ ಹೋಗಿ ವಾಪಸಾಗುತ್ತಿದ್ದ ಮಿನಿ ಬಸ್ಸೊಂದು ಹಟ್ಟಿಯ ಮುಂದೆ ನಿಂತಿತು. ಮಹಾಲಕ್ಷ್ಮಿಯ ದರ್ಶನವಾಯಿತು, ಹಾಗೇ ಕೃಷ್ಣಮೃಗದ್ದೂ ಆಗಿಬಿಡಲಿ ಎಂದರು ಹೆಂಗಸರು. ಚನ್ನಮಲ್ಲಯ್ಯ ಅವರಿಗೆ ದೂರದಲ್ಲಿ ಒಂದನ್ನು ತೋರಿಸಿದ. ಭಕ್ತಿಯಿಂದ ಕೈಮುಗಿದರು. ಅದು ಅವನ ಮೇಕೆ.

ಮೇಡಂ ಫೋನಿನಲ್ಲಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು. "ಕುರಿಯವಲ್ಲ ತಾನೆ?" ಚಿಕ್ಕರಾಜು ಮೂರು ಸಲವೂ ತಾನು ಹುಟ್ಟಿದ ಮನೆಯನ್ನು ನೆನಪಿಸಿದ.

ಕಡೆಗೆ ಬಂದವರು ವಲಯ ಅರಣ್ಯಾಧಿಕಾರಿ ನರಸಿಂಹರಾಜು. ಜೀಪಿನಿಂದ ಇಳಿಯುವಾಗಲೇ ಅವರ ಮುಖ ಕೆಂಪಗಿತ್ತು.

"ರೀ ಚಿಕ್ಕರಾಜು, ನಮ್ಮ ಗಣತಿ ಪುಸ್ತಕದಲ್ಲಿ ಈ ಕಾವಲಿಗೆ ಮೂವತ್ತೊಂದು ಅಂತಿದೆ. ಹೋದ ವರ್ಷವೂ ಮೂವತ್ತೊಂದು. ಅದರ ಹಿಂದಿನ ವರ್ಷವೂ ಮೂವತ್ತೊಂದು. ನನಗಿಂತ ಮುಂಚೆ ಇದ್ದವರ ಕಾಲದಿಂದ ಮೂವತ್ತೊಂದು. ಈಗ ಮೇಲಿನವರು ಕೇಳ್ತಿದ್ದಾರೆ, ಸಾವಿರದ ನೂರ ತೊಂಬತ್ತೊಂಬತ್ತು ಜಿಂಕೆ ಎಲ್ಲಿ ಬಚ್ಚಿಟ್ಟಿದ್ರಿ ಅಂತ! ನಾನೇನು ಜೇಬಲ್ಲಿ ಇಟ್ಕೊಂಡಿದ್ನೇನ್ರಿ?"

"ಸಂಕೋಚ ಸ್ವಭಾವದ ಪ್ರಾಣಿ ಸಾರ್..."

"ನನಗೂ ಸಂಕೋಚ ಆಗ್ತಿದೆ!" ಎಂದು ಅವರು ಒಂದು ಕಾಗದ ತೆಗೆದರು. "ನೋಡಿ, ಇಷ್ಟು ಮೃಗ ಇದ್ದ ಮೇಲೆ ಕಾವಲನ್ನು ರಕ್ಷಿಸಲೇಬೇಕು ಅಂತ ಮೇಲಿಂದ ಬಂದಿದೆ. ಮಾರ್ಚ್ ಹದಿಮೂರಕ್ಕೆ ಸ್ಥಳ ಪರಿಶೀಲನೆ. ನಿಮ್ಮ ಮೇಡಮ್ಮೂ ಬರ್ತಾರೆ. ನಿಮ್ಮ ಅಂಕಿ ಸರಿ ಅಂತಾದರೆ ಅವತ್ತೇ ನಾನು ಪ್ರಸ್ತಾವಕ್ಕೆ ಸಹಿ ಹಾಕಿ ಕಳಿಸ್ತೀನಿ. ಏಪ್ರಿಲಿನಿಂದ ಕಾವಲಿಗೆ ಕುರಿ, ಮೇಕೆ ಬಿಡೋಹಾಗಿಲ್ಲ."

ರೊಪ್ಪದ ಬೇಲಿಗೆ ಮುಳ್ಳು ಸಿಗಿಸುತ್ತಿದ್ದ ಮುದ್ದಪ್ಪನ ಕೈ ನಿಂತಿತು.

"ಕಾವ್ಲು ಬುಟ್ರೆ ನಾವ್ ಎಲ್ಲೋಗನ ಸಾಮಿ? ಮೊದ್ಲು ಬೇಸ್ಗೆಲಿ ರಾಯಚರ್ಲು ಕಡೆ ಹೊಡ್ಕಂಡ್ ಹೋಗ್ತಿದ್ವಿ. ಅಲ್ಲೀಗ ಸೋಲಾರು. ಕುರಿ ಗಾಜು ಮೇಯಲ್ವಲ್ಲ."

"ಅದನ್ನ ನಿಮ್ಮ ಅಳಿಯನ್ನ ಕೇಳಿ," ಎಂದು ಜೀಪು ಹತ್ತಿದರು ನರಸಿಂಹರಾಜು.

ಮುದ್ದಪ್ಪ ಅಳಿಯನನ್ನು ಏನೂ ಕೇಳಲಿಲ್ಲ. ಅವನು ಲೆಕ್ಕ ಹಾಕಿದ್ದು ಬೇರೆ. ದೊಡ್ಡ ಅಧಿಕಾರಿಗಳು ಬಂದು ಅಳಿಯನ ಚೌಕ ನೋಡುತ್ತಾರೆ. ಅಳಿಯನಿಗೆ ಬೇಕಾದ್ದು ಹಿಕ್ಕೆ. ಹಿಕ್ಕೆ ಚೆನ್ನಾಗಿ ಬಿದ್ದರೆ ಅವನು ಪಾಸಾಗಿ ಆಫೀಸರನಾಗುತ್ತಾನೆ. ಆಫೀಸರನಾದ ಅಳಿಯ ಮಾವನ ಕುರಿಗೆ ಕಾವಲು ಬಿಡಿಸಿಕೊಡದೆ ಇರುತ್ತಾನೆಯೆ? ಆದ್ದರಿಂದ ಕಳೆದ ಸಲದ ಹಾಗೆ ಐದು ಚೌಕಕ್ಕೆ ಕೈ ಬಿಗಿ ಮಾಡಬಾರದು. ಅವನು ರಾಯಚರ್ಲುವಿನ ಷಡ್ಡಕ ಮೂಡಲಗಿರಿಯಪ್ಪನಿಗೆ ಫೋನು ಮಾಡಿದ.

ಮಾರ್ಚ್ ಹನ್ನೆರಡು, ಮಧ್ಯಾಹ್ನ ನಾಲ್ಕೂ ಕಾಲು. ಪರಿಶೀಲನೆಗೆ ಮುಂಚೆ ಒಮ್ಮೆ ನೋಡಿಬರೋಣವೆಂದು ಚಿಕ್ಕರಾಜು ಕಾವಲಿನ ದಿಬ್ಬ ಹತ್ತಿದ. ಹತ್ತಿದವನು ಅಲ್ಲೇ ನಿಂತ. ಕೆಳಗೆ ಹದಿನಾಲ್ಕನೇ ಚೌಕದ ಒಳಗೂ ಸುತ್ತಲೂ ಎರಡು ಮಂದೆ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ಒಂದು ಕಡೆ ಮುದ್ದಪ್ಪ ಕೋಲು ಅಡ್ಡ ಹಿಡಿದು, ಒಳಗಿನ ಒಂದು ಕುರಿಯೂ ಗೂಟ ದಾಟಿ ಹೊರಬಾರದಂತೆ ಕಾಯುತ್ತಿದ್ದ. ಇನ್ನೊಂದು ಕಡೆ ಮೂಡಲಗಿರಿಯಪ್ಪ ಬೀಡಿ ಸೇದುತ್ತ ಕೂತಿದ್ದ.

ಚಿಕ್ಕರಾಜು ಓಡುತ್ತ ಇಳಿದು ಬಂದ. "ಮಾವಾ! ಏನ್ ಮಾಡ್ತಿದೀಯ?"

"ಬಂದ್ಬುಟ್ಯಾ? ಇನ್ನು ಎಳ್ಡೇ ಚೌಕ ಬಾಕಿ ಕಣ್ಲಾ. ಮಿಕ್ಕಿದ್ದೆಲ್ಲಾ ತುಂಬ್ಸಿವ್ನಿ. ಹೋದ್ ಸಲ ನಮ್ಮವು ಎಂಬತ್ತೇ ಇದ್ವು, ಐದ್ಕೇ ಸುಸ್ತಾಗೋದ್ವು. ಈ ಸಲ ಹುರುಳಿ ಹೊಟ್ಟು ಇಕ್ಕಿದೀನಿ, ನೋಡು ಹೆಂಗ್ ಬಿದ್ದವೆ!"

ಮೂಡಲಗಿರಿಯಪ್ಪ ಬೀಡಿ ತೆಗೆದು, ಸಾಕೇ ಎಂದು ತನ್ನ ತೆಲುಗಿನಲ್ಲಿ ವಿನಯದಿಂದ ಕೇಳಿದ: "ಚಾಲಾ ನಾಯನಾ? ಇಂಕಾ ಕಾವಾಲಾ? ಇನ್ನಾ ಬೇಕಂದ್ರೆ ತಮ್ಮನ್ ಮಂದೆನೂ ಐತೆ."

ಚಿಕ್ಕರಾಜು ಕುರಿಗಳ ನಡುವೆಯೇ ನೆಲದ ಮೇಲೆ ಕೂತ. ಕೂತದ್ದು ಹದಿನಾಲ್ಕನೇ ಚೌಕದ ಮೇಲೇ ಎಂಬುದು ಅವನ ಗಮನಕ್ಕೆ ಬರಲಿಲ್ಲ. ಉಣ್ಣೆಯ ಎಳೆ ಗಾಳಿಗೆ ಬಂದಿರಲಿಲ್ಲ. ಬೀಡಿಯೂ ಗಾಳಿಗೆ ಬಂದಿರಲಿಲ್ಲ. ಮಾನವ ಹಸ್ತಕ್ಷೇಪ ಅಲ್ಪವಾಗಿರಲಿಲ್ಲ.

"ಮಾವ, ನಂಗ್ ಬೇಕಿದ್ದು ಜಿಂಕೆ ಹಿಕ್ಕೆ."

"ಹಿಕ್ಕೆ ಅಂದೆ. ಜಿಂಕೇದು ಅಂತ ಎಲ್ ಅಂದೆ?"

ಅದು ನಿಜ. ಅವನು ಅಂದಿರಲಿಲ್ಲ.

ಎಲ್ಲವನ್ನೂ ಬಿಡಿಸಿ ಹೇಳಲು ಕಾಲು ಗಂಟೆ ಹಿಡಿಯಿತು. ಕುರಿಯ ಹಿಕ್ಕೆಯನ್ನು ಜಿಂಕೆಯದೆಂದು ತಾನು ಎಣಿಸಿದ್ದು, ಆ ಎಣಿಕೆಯಿಂದ ಸಾವಿರದ ಇನ್ನೂರು ಜಿಂಕೆ ಹುಟ್ಟಿದ್ದು, ಆ ಜಿಂಕೆಗಳನ್ನು ಕಾಪಾಡಲು ಈಗ ಕುರಿಗಳನ್ನು ಹೊರಗೆ ಹಾಕುತ್ತಿರುವುದು.

"ಅಂಗಾದ್ರೆ," ಎಂದ ಮುದ್ದಪ್ಪ ನಿಧಾನವಾಗಿ, "ನಮ್ ಕುರಿಗೋಳು ಹಿಕ್ಕೆ ಹಾಕಿ ಹಾಕಿ ಅವೇ ಕಾವ್ಲು ಕಳ್ಕಂತಾವೆ ಅನ್ನು."

"ಊಂ."

"ನಾಳೆ ನೀನು ನಿಜ ಹೇಳ್ಬುಟ್ರೆ?"

"ಕಾವ್ಲು ಉಳೀತದೆ. ನನ್ ಡಿಗ್ರಿ ಕಥೆ ಗೊತ್ತಿಲ್ಲ."

ಮುದ್ದಪ್ಪ ಕುರಿಗಳ ಕಡೆ ನೋಡಿದ. ಎಂಬತ್ತನ್ನೂ ಒಮ್ಮೆ ಎಣಿಸಿದಂತೆ ಕಂಡಿತು. ಆಮೇಲೆ ಕೋಲು ಹೆಗಲಿಗೇರಿಸಿ ಅಂದ: "ಸುಮ್ಕಿದ್ಬುಡು. ಓದು ಮುಗಿಲಿ. ಕುರಿ ಎಲ್ಲಾದ್ರೂ ಮೇಯ್ತವೆ. ಮಾರುದ್ರೂ ಆಯ್ತದೆ."

ಚಿಕ್ಕರಾಜುವಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಕಾವಲಿನಲ್ಲಿ ಜನ ಸೇರಿದರು. ರಾಧಾಮಣಿ ಮೇಡಂ ಟೋಪಿ ಹಾಕಿಕೊಂಡು, ನರಸಿಂಹರಾಜು ಪ್ರಸ್ತಾವದ ಕಡತ ಹಿಡಿದುಕೊಂಡು, ಶಿವರುದ್ರಮ್ಮ ಹಾರ ಹಿಡಿದುಕೊಂಡು ಬಂದರು. ಎಲ್ಲರಿಗೂ ಪೇಪರ್ ಲೋಟಗಳಲ್ಲಿ ಮಜ್ಜಿಗೆ ಬಂತು. ರಂಜಾನಿನ ರೋಜಾ ಉಪವಾಸದಲ್ಲಿದ್ದ ಅಸ್ಲಂ ಬೇಡವೆಂದು, ಮೊಬೈಲು ಎತ್ತಿ ಹಿಡಿದು ನೇರ ಪ್ರಸಾರ ಶುರುಮಾಡಿದ. ಚಿಕ್ಕರಾಜು ಕಳೆದ ತಿಂಗಳ ಸೀಸೆಗಳ ಪೆಟ್ಟಿಗೆ ತಂದಿದ್ದ. ಮೊದಲ ಚೌಕದ ಮುಂದೆ ನಿಂತು ಹೇಳಿಯೇಬಿಟ್ಟ.

"ಇವೆಲ್ಲ ಕುರಿ ಹಿಕ್ಕೆ."

ಯಾರೂ ಬೆಚ್ಚಿಬೀಳಲಿಲ್ಲ. ನಂಬಿದ್ದರೆ ತಾನೆ?

"ತಮಾಷೆ ಮಾಡ್ಬೇಡಿ," ಎಂದರು ನರಸಿಂಹರಾಜು. "ಸಾವಿರದ ಇನ್ನೂರ ಮೂವತ್ತು ಅಂತ ಮೇಲಕ್ಕೆ ಹೋಗಿದೆ. ಮೇಲಕ್ಕೆ ಹೋದದ್ದು ಕುರಿ ಹೆಂಗ್ರೀ ಆಗುತ್ತೆ?"

"ನನ್ ಅರ್ಜಿ ಮೇಲೆ ಸೀಲ್ ಬಿದ್ದೈತೆ," ಎಂದ ಚನ್ನಮಲ್ಲಯ್ಯ. "ನನ್ ತೊಗ್ರಿ ತಿಂದಿದ್ದು ಜಿಂಕೆನೇ."

"ಬೊಂಬೆಗೆ ಅಡ್ವಾನ್ಸ್ ಕೊಟ್ಟಿದೀನಿ ಕಣಪ್ಪ," ಎಂದಳು ಶಿವರುದ್ರಮ್ಮ. "ಈಗ ಕುರಿ ಬೊಂಬೆ ಇಡಕ್ಕಾಯ್ತದಾ?"

ತಾನು ಮೂರ್ಖನೆಂದು ಒಬ್ಬ ಮನುಷ್ಯ ಬಹಿರಂಗವಾಗಿ ಒಪ್ಪಿಕೊಂಡರೂ ಅದಕ್ಕೆ ಸಾಕ್ಷಿ ಕೇಳುವ ಸಭೆಯದು. ಮೇಡಂ ಮಾತ್ರ ಅವನನ್ನೇ ನೋಡುತ್ತಿದ್ದರು.

"ಕುರಿ ಮನೆಯಲ್ಲಿ ಹುಟ್ಟಿದೋನು ಅಂದಿದ್ದೆ?"

"ಹುಟ್ಟಿದ್ದು ಅಷ್ಟೇ ಮೇಡಂ. ನಂಗೆ ಗೊತ್ತಾಗಲ್ಲ. ಗೊತ್ತಿರೋದು ನಮ್ಮಜ್ಜಿಗೆ."

ಮುದ್ದೆಯ ಬುಟ್ಟಿ ಇಳಿಸಿ ಜಾಲಿ ಮರದ ನೆರಳಲ್ಲಿ ಕೂತಿದ್ದ ಗಿರಿಯಮ್ಮ ತಲೆ ಎತ್ತಿದಳು.

ವಿಜ್ಞಾನದಲ್ಲಿ ಯಾರ ಮಾತನ್ನೂ ಹಾಗೇ ನಂಬುವಂತಿಲ್ಲ, ಅಜ್ಜಿಯದನ್ನೂ. ಮೇಡಂ ಬ್ಯಾಗಿನಿಂದ ಒಂದು ಸೀಸೆ ತೆಗೆದರು. ಮೈದನಹಳ್ಳಿ ಕಡೆಯ ಬಯಲಿನಲ್ಲಿ ಮೃಗ ಹಾಕುವುದನ್ನು ಕಣ್ಣಾರೆ ನೋಡಿ ಅವರೇ ಹೆಕ್ಕಿದ ಹಿಕ್ಕೆ ಅದು. ಮಜ್ಜಿಗೆ ಕುಡಿದ ಹತ್ತು ಪೇಪರ್ ಲೋಟಗಳನ್ನು ಒರೆಸಿ, ಜೀಪಿನ ಹಿಂದೆ ಹೋಗಿ, ಕೆಲವಕ್ಕೆ ರೊಪ್ಪದಿಂದ ತರಿಸಿದ ಕುರಿಯದು, ಕೆಲವಕ್ಕೆ ಮೃಗದ್ದು ಹಾಕಿ, ತಳಕ್ಕೆ ನಂಬರು ಬರೆದು ತಂದು ಸಾಲಾಗಿ ಇಟ್ಟರು. ನರಸಿಂಹರಾಜು ಅವರನ್ನೂ ಕರೆದರು. ತಾವು ಕರ್ತವ್ಯದ ಮೇಲಿರುವುದರಿಂದ ಭಾಗವಹಿಸುವಂತಿಲ್ಲ ಎಂದರು ಅವರು.

ಮೊದಲು ಚಿಕ್ಕರಾಜು. ಭೂತಗನ್ನಡಿ ಹಿಡಿದು, ಅಳತೆಪಟ್ಟಿ ಇಟ್ಟು, ಹನ್ನೆರಡು ನಿಮಿಷ ತೆಗೆದುಕೊಂಡ. ಮೇಡಂ ಲೋಟ ತಿರುಗಿಸಿ ನೋಡಿದರು.

"ಹತ್ತಕ್ಕೆ ನಾಲ್ಕು. ನಾಣ್ಯ ಚಿಮ್ಮಿದ್ರೂ ಐದು ಬರ್ತಿತ್ತು ಚಿಕ್ಕರಾಜು."

ಆಮೇಲೆ ಗಿರಿಯಮ್ಮ. ಲೋಟಗಳನ್ನು ಎತ್ತಲೂ ಇಲ್ಲ. ಇಣುಕುತ್ತ ನಡೆದಳು. "ಕುರಿ. ಕುರಿ. ಜಿಂಕೆ. ಕುರಿ. ಜಿಂಕೆ. ಜಿಂಕೆ. ಕುರಿ. ಕುರಿ, ಇದುಕ್ಕೆ ಒಸಿ ಹೊಟ್ಟೆ ಕೆಟ್ಟೈತೆ ಕಣ್ ಮುದ್ದಾ. ಜಿಂಕೆ. ಕುರಿ."

ಹತ್ತಕ್ಕೆ ಹತ್ತು. ಅರ್ಧ ನಿಮಿಷ.

"ಹೆಂಗಜ್ಜಿ ಹೇಳ್ತೀರ?" ಎಂದರು ಮೇಡಂ, ಅವಳ ಪಕ್ಕದಲ್ಲೇ ಮಂಡಿಯೂರಿ.

"ಜಿಂಕೇದು ಒಂದ್ ತುದಿ ಚೂಪು ಕಣಮ್ಮ, ಒಂದ್ ತುದಿ ಗುಳಿ. ನೀರ್ ಕಾಣ್ದ್ ಪ್ರಾಣಿ, ಗಟ್ಟಿಗಿರ್ತದೆ. ಇನ್ನು ಇದು ನೋಡು," ಎಂದು ಚೌಕದ್ದೊಂದನ್ನು ಚಿಟಿಕೆಯಲ್ಲಿ ಪುಡಿ ಮಾಡಿ ಅಂಗೈಯಲ್ಲಿ ಹಿಡಿದಳು. "ಹುರುಳಿ ಹೊಟ್ಟು. ಕಾವ್ಲಾಗೆ ಜಿಂಕೆಗೆ ಹುರುಳಿ ಹೊಟ್ಟು ಯಾವನ್ ಇಕ್ತಾನೆ?"

ಆ ಪ್ರಶ್ನೆಗೆ ಉತ್ತರ ಬಲ್ಲ ಮುದ್ದಪ್ಪ ಕೈ ಕಟ್ಟಿ ಮುಂದೆ ಬಂದ. "ನಾನೇ ಸಾಮಿ. ನಾವೇ ತರುಬಿದ್ದು. ಅವ್ನುಂದೇನೂ ತಪ್ಪಿಲ್ಲ. ಹುಡ್ಗ ಬೇಜಾರಾಗಿದ್ದ."

ನರಸಿಂಹರಾಜು ಕಡತವನ್ನು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. "ಹಾಗಾದ್ರೆ ಕಾವಲಲ್ಲಿ ಇರೋದು ಎಷ್ಟು? ನಾನು ಏನಾದ್ರೂ ಬರೀಬೇಕಲ್ರೀ!"

"ಎಣಿಸೋಣ," ಎಂದರು ಮೇಡಂ.

ಶಿವರುದ್ರಮ್ಮ ಹಟ್ಟಿಯಿಂದ ಮೊರ ತರಿಸಿದಳು. ಕಳೆದ ತಿಂಗಳ ಸೀಸೆಗಳನ್ನೆಲ್ಲ ಅದರಲ್ಲಿ ಸುರಿದರು. ಗಿರಿಯಮ್ಮ ಕಾಲು ಚಾಚಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ನಾನೂರ ತೊಂಬತ್ತೆರಡು ಹಿಕ್ಕೆಗಳನ್ನು ಆರಿಸಿದಳು. ಮೇಡಂ ಬರೆದುಕೊಂಡರು. ನಲವತ್ತು ನಿಮಿಷವಾದ ಮೇಲೆ ಒಂದು ಕಡೆ ನಾನೂರ ಎಂಬತ್ತೆಂಟು ಇದ್ದವು. ಇನ್ನೊಂದು ಕಡೆ, ಮೊರದ ಅಂಚಿನಲ್ಲಿ, ಚೂಪು ತುದಿಯ ನಾಲ್ಕು.

"ಜನವರಿಯಲ್ಲೂ ನಾಲ್ಕೇ," ಎಂದ ಚಿಕ್ಕರಾಜು ಮೆಲ್ಲಗೆ.

"ನಾಲ್ಕು ಅಂದ್ರೆ ಎಷ್ಟು ಮೃಗ?" ಎಂದರು ನರಸಿಂಹರಾಜು.

"ಇಡೀ ಕಾವಲಿಗೆ ಹತ್ತು ಸಾರ್. ನಾನು ಕಂಡಿದ್ದು ಹನ್ನೊಂದು."

"ಹತ್ತಾ!" ನರಸಿಂಹರಾಜು ಜೀಪಿನ ಬಾನೆಟ್ಟಿಗೆ ಒರಗಿದರು. "ನಮ್ಮ ಪುಸ್ತಕದಲ್ಲಿ ಮೂವತ್ತೊಂದಿದೆ ಕಣ್ರೀ! ನಿನ್ನೆವರೆಗೂ ಹೆಚ್ಚಿಗೆ ಎಲ್ಲಿಂದ ಬಂತು ಅಂತ ಕೇಳ್ತಿದ್ರು. ನಾಳೆಯಿಂದ ಇಪ್ಪತ್ತೊಂದು ಎಲ್ಲಿ ಹೋಯ್ತು ಅಂತ ಕೇಳ್ತಾರೆ! ಅಸ್ಲಂ, ಅದನ್ನ ಆರಿಸ್ರಿ ಮೊದಲು!" ಅಸ್ಲಂ ಮೊಬೈಲು ಇಳಿಸಿದ. ಅಧಿಕಾರಿಗಳು ಚಿಕ್ಕರಾಜುವಿನ ಹೆಗಲ ಮೇಲೆ ಕೈ ಹಾಕಿ ದನಿ ತಗ್ಗಿಸಿದರು. "ನೋಡಿ, ಕುರಿ ಪ್ರಸ್ತಾವ ಇವತ್ತೇ ವಾಪಸ್. ಹತ್ತು ಮೃಗಕ್ಕೆ ಕಾವಲು ಮುಚ್ಚೋದು ಬೇಡ, ನಿಮ್ಮ ಮಾವ ಮೇಯಿಸ್ಕೊಳ್ಲಿ. ಆದ್ರೆ ನನ್ನ ಮೂವತ್ತೊಂದು ಉಳಿಸ್ಕೊಡಿ. ನಿಮ್ಮ ಸೂತ್ರದಲ್ಲಿ ಅದಕ್ಕೆ ಎಷ್ಟು ಹಿಕ್ಕೆ ಬೇಕು?"

ಚಿಕ್ಕರಾಜು ಮನಸ್ಸಿನಲ್ಲೇ ಭಾಗಿಸಿದ. "ಹನ್ನೆರಡಿದ್ರೆ ಮೂವತ್ತು ಬರುತ್ತೆ ಸಾರ್."

"ಇನ್ನು ಎಂಟೇ ಎಂಟು!"

"ಎಂಟೇನ್ ಸಾಮಿ," ಎಂದ ಮುದ್ದಪ್ಪ, ಇಷ್ಟು ಸಣ್ಣ ಉಪಕಾರಕ್ಕೆ ಇಷ್ಟು ದೊಡ್ಡವರು ಬೇಡಿಕೊಳ್ಳುತ್ತಿರುವುದನ್ನು ಕಂಡು ಕರಗಿ. "ಒಂದ್ ಕುರಿ ಸಾಕು. ಈಗ್ಲೇ ಹಾಕುಸ್ತೀನಿ."

ಗಿರಿಯಮ್ಮ ಮೊರ ಝಾಡಿಸುತ್ತ ನಕ್ಕಳು. ಅವಳ ಹಿಂದೆ ಶಿವರುದ್ರಮ್ಮ ನಕ್ಕಳು, ಆಮೇಲೆ ಚನ್ನಮಲ್ಲಯ್ಯ. ಕಡೆಗೆ ನರಸಿಂಹರಾಜು ಅವರಿಗೂ ನಗು ಬಂತು, ಆದರೆ ಅದು ಅಧಿಕೃತವಾಗಿರಲಿಲ್ಲ.

ಮೇಡಂ ಪರಿಶೀಲನೆಯ ನಮೂನೆಯನ್ನು ಚಿಕ್ಕರಾಜುವಿನ ಕೈಗೆ ಕೊಟ್ಟರು. "ಈ ಸೆಮಿಸ್ಟರ್ ಮುಗಿಯಲ್ಲ. ಇನ್ನೊಂದು ಬೇಕು. ಮೊದಲು ಅಜ್ಜಿ ಹತ್ರ ಕಲಿ, ಆಮೇಲೆ ಎಣಿಸು. ಈಗ ನಿನ್ನ ಅಂಕಿ ನೀನೇ ಬರಿ."

ಮುದ್ದಪ್ಪ ಒಂದು ಕುರಿಯ ಕತ್ತು ಹಿಡಿದುಕೊಂಡು, ಅಪ್ಪಣೆಗಾಗಿ ಕಾಯುತ್ತ ನಿಂತಿದ್ದ. ಚಿಕ್ಕರಾಜು ಅವನಿಗೆ ಬೇಡವೆಂದು ಕೈ ಆಡಿಸಿ, ಕಾಗದವನ್ನು ಬಾನೆಟ್ಟಿನ ಮೇಲಿಟ್ಟು, ಗುಣಿಸಿ, ಭಾಗಿಸಿ, ಇನ್ನೊಮ್ಮೆ ಗುಣಿಸಿ ನೋಡಿ, ಬರೆದ.

ಎಮ್ಮೆಗುಂಡಿ ಕಾವಲು. ಕೃಷ್ಣಮೃಗ, ಚದರ ಕಿಲೋಮೀಟರಿಗೆ: 3.3.